ಬ್ಯಾಟು ಮಲಗಿಸುತ್ತಿದ್ದ ಮಲ್ಲಪ್ಪ

ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಘಟಪ್ರಭಾ ಬಸ್ ನಿಲ್ದಾಣ. ಹಾಜರಿದ್ದವರು: ನಿವೃತ್ತ ಪಿ.ಟಿ. ಮಾಸ್ತರನಾದ ನಾನು, ನನ್ನ ಹಳೆಯ ವಿದ್ಯಾರ್ಥಿ ಮಲ್ಲಪ್ಪ, ಅವನ ಕೈಯಲ್ಲಿ ಬೇಸ್‌ಬಾಲ್ ಕಲಿಯುತ್ತಿರುವ ಘೋಡಗೇರಿಯ ಸುನಂದಾ, ಹತ್ತನೆಯ ಇಯತ್ತೆ. ಗೈರುಹಾಜರು: ಏಳಕ್ಕೆ ಬರಬೇಕಿದ್ದ ಹುಕ್ಕೇರಿ ಬಸ್ಸು.

ನಾನು ಮೂಡಲಗಿಯಿಂದ ಮೊದಲ ಬಸ್ಸಿಗೇ ಬಂದಿದ್ದೆ. ನಾಲ್ಕೂ ಮುಕ್ಕಾಲಿಗೆ ಏಳುವುದು, ಐದಕ್ಕೆ ಸ್ನಾನ, ಐದೂವರೆಗೆ ಅಂಗಳದಲ್ಲಿ ಇಪ್ಪತ್ತು ಸುತ್ತು. ನೌಕರಿ ಬಿಟ್ಟು ಎಷ್ಟೋ ವರ್ಷವಾದರೂ ಇದರಲ್ಲಿ ಒಂದು ನಿಮಿಷ ಹಿಂದೆ ಮುಂದೆ ಆಗಿಲ್ಲ. "ಇನ್ನೂ ಯಾರು ಸೀಟಿ ಊದ್ತಾರಂತ ಏಳ್ತೀರಿ?" ಎಂದು ಹೆಂಡತಿ ಮಗ್ಗುಲು ಬದಲಿಸುತ್ತಾಳೆ. ಅವಳಿಗೆ ಗೊತ್ತಿಲ್ಲ, ಆ ಸೀಟಿ ನನ್ನ ತಲೆಯ ಒಳಗೇ ಇದೆ.

ಹುಕ್ಕೇರಿಯಲ್ಲಿ ಅಂದು ಜಿಲ್ಲಾ ತಂಡದ ಆಯ್ಕೆ. ಮಲ್ಲಪ್ಪ ನನ್ನನ್ನು ಕರೆದದ್ದು ಧೈರ್ಯಕ್ಕೆ. "ಇವತ್ತು ಆಗಬೇಕ್ರಿ ಸರ್," ಎಂದ, ಹುಡುಗಿಗೆ ಕೇಳಿಸದಂತೆ. "ಹೋದ ವರ್ಷ ಆಗಲಿಲ್ಲ. ಅದರ ಹಿಂದಿನ ವರ್ಷಾನೂ ಆಗಲಿಲ್ಲ. ಈ ಸಲ ಹೆಸರು ಬಂದ್ರ ಆಡಲಿ, ಇಲ್ಲಾಂದ್ರ ಆಟ ಸಾಕು ಅಂತ ಇವರಪ್ಪ ಖಡಕ್ ಹೇಳ್ಯಾನ್ರಿ."

ಅಷ್ಟರಲ್ಲಿ ಸುನಂದಾ ಬ್ಯಾಟನ್ನು ಬೆಂಚಿನ ಮೇಲೆ ಇಟ್ಟಳು. ಇಟ್ಟಳು ಎಂದರೆ ಸಾಲದು. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ, ತೊಟ್ಟಿಲಲ್ಲಿ ಕೂಸನ್ನು ಮಲಗಿಸುವಂತೆ ಮಲಗಿಸಿ, ಅಂಗೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಎದೆ ತುಂಬಿತು. ಅದು ಅಪ್ಪಟ ಮಲ್ಲಪ್ಪನ ಶೈಲಿ. ನಮ್ಮ ಭಾಗಕ್ಕೆ ಬೇಸ್‌ಬಾಲ್ ಬಂದ ಮೊದಲ ದಿನಗಳಲ್ಲಿ ಅವನಂಥ ಹೊಡೆತಗಾರ ಇನ್ನೊಬ್ಬ ಇರಲಿಲ್ಲ, ಅವನ ಹಾಗೆ ಬ್ಯಾಟನ್ನು ಮಲಗಿಸಿ ಓಡಿದವನಂತೂ ಭೂಮಿಯ ಮೇಲೆಯೇ ಇರಲಾರ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಬೇಸ್‌ಬಾಲಿನಲ್ಲಿ ಚೆಂಡನ್ನು ಹೊಡೆದವನು ಬ್ಯಾಟನ್ನು ಅಲ್ಲೇ ಬಿಟ್ಟು ಮೊದಲ ಬೇಸಿಗೆ, ಅಂದರೆ ಮೈದಾನದ ನಾಲ್ಕು ಮೂಲೆಯ ಗುರುತುಗಳಲ್ಲಿ ಮೊದಲನೆಯದಕ್ಕೆ, ಓಡಬೇಕು. ಚೆಂಡು ಅವನಿಗಿಂತ ಮೊದಲು ಅಲ್ಲಿಗೆ ಮುಟ್ಟಿದರೆ ಔಟು. ಹಾಗಾಗಿ ಲೋಕದ ಆಟಗಾರರೆಲ್ಲ ಬ್ಯಾಟನ್ನು ನೆಲಕ್ಕೆ ಒಗೆದು ಓಡುತ್ತಾರೆ. ಮಲ್ಲಪ್ಪ ಮಲಗಿಸಿ ಓಡುತ್ತಿದ್ದ.

ಈ ಆಟ ನಾಗನೂರಿನ ನಮ್ಮ ಹೈಸ್ಕೂಲಿಗೆ ಬಂದದ್ದು ಒಂದು ಮರದ ಪೆಟ್ಟಿಗೆಯಲ್ಲಿ. ಒಳಗೆ ಒಂದು ಬ್ಯಾಟು, ಎರಡು ಚೆಂಡು, ಒಂಬತ್ತು ಚರ್ಮದ ಕೈಗವಸು, ನಿಯಮಗಳ ಒಂದು ತೆಳ್ಳನೆಯ ಪುಸ್ತಕ. ನಾನು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಪರೀಕ್ಷಿಸಿದೆ. ಕೈಗವಸು ಒಂಬತ್ತೂ ಎಡಗೈಯವು! ನನಗೆ ಸಿಟ್ಟು ಬಂತು. ಬಲಗೈಯ ಕೈಗವಸು ಕಳಿಸಲು ಮರೆತಿದ್ದೀರಿ, ಕೂಡಲೇ ಪೂರೈಸುವುದು ಎಂದು ಮೇಲಿನ ಕಚೇರಿಗೆ ಕಾಗದ ಬರೆದೆ. ಉತ್ತರವಿಲ್ಲ. ಜ್ಞಾಪನಾ ಪತ್ರ ಬರೆದೆ. ಎರಡನೆಯ ಜ್ಞಾಪನಾ ಪತ್ರವನ್ನೂ ಬರೆದೆ. ಒಂದು ಪೂರ್ತಿ ವರ್ಷ ಪೆಟ್ಟಿಗೆಗೆ ಬೀಗ. ಆಮೇಲೆ ತರಬೇತಿಗೆ ಹೋದಾಗ ತಿಳಿಯಿತು, ಎಡಗೈಯಲ್ಲಿ ಹಿಡಿಯುವುದು, ಬಲಗೈಯಲ್ಲಿ ಎಸೆಯುವುದು, ಕೈಗವಸು ಬೇಕಾದದ್ದೇ ಒಂದು ಕೈಗೆ. ನಿಯಮದ ಪುಸ್ತಕದಲ್ಲಿ ಚಿತ್ರವೂ ಇತ್ತಂತೆ. ಪುಸ್ತಕ ಹರಿಯಬಾರದೆಂದು ಅದನ್ನು ನಾನೇ ಬೀಗದೊಳಗೆ ಇಟ್ಟಿದ್ದೆ.

ಬೇಸುಗಳಿಗೆ ಗೋಣಿಚೀಲದಲ್ಲಿ ಉಸುಕು ತುಂಬಿದೆವು. ಮೂರನೆಯ ಬೇಸು ಪಕ್ಕದ ಮನೆಯವರ ತಿಪ್ಪೆಗೆ ತೀರ ಹತ್ತಿರ ಬಂದದ್ದರಿಂದ ಅಲ್ಲಿ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ತಡವಾಗಿ ಬಂದವನಿಗೆ ಆ ಜಾಗ ಎಂದು ಕಟ್ಟಳೆ ಮಾಡಿದೆ. ಒಂದೇ ವಾರದಲ್ಲಿ ಎಲ್ಲರೂ ವೇಳೆಗೆ ಸರಿಯಾಗಿ ಬರತೊಡಗಿದರು. ಮಲ್ಲಪ್ಪನ ಅಜ್ಜಿ ಒಮ್ಮೆ ಬೇಲಿಯ ಹತ್ತಿರ ನಿಂತು ಆಟವನ್ನು ಕೊನೆಯತನಕ ನೋಡಿ, ನನ್ನನ್ನು ಕರೆದು ಕೇಳಿದ್ದಳು, "ಅಲ್ರಿ ಮಾಸ್ತರ, ಎಲ್ಲಿಂದ ಹೊಂಟಾನ ತಿರುಗಿ ಅಲ್ಲಿಗೇ ಬಂದು ನಿಂತ್ರ ಅಂಕ ಕೊಡ್ತೀರಲ್ಲ, ಮೊದಲ ಅಲ್ಲೇ ಸುಮ್ಮ ನಿಂತಿದ್ರ ಏನಾಗ್ತಿತ್ತ್ರಿ?" ಆ ರಾತ್ರಿ ನಿಯಮದ ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿದೆ.

ಮಲ್ಲಪ್ಪ ಆಗ ಒಂಬತ್ತನೆಯ ಇಯತ್ತೆ. ಮಾತು ಕಡಿಮೆ, ಭುಜ ಅಗಲ. ಚೆಂಡು ಅವನ ಬ್ಯಾಟಿಗೆ ತಾಗಿದರೆ ಕಬ್ಬಿನ ಹೊಲದಲ್ಲಿ ಬೀಳುತ್ತಿತ್ತು. ನಮ್ಮ ತಂಡದ ಅರ್ಧ ವೇಳೆ ಕಬ್ಬಿನಲ್ಲಿ ಚೆಂಡು ಹುಡುಕುವುದರಲ್ಲೇ ಹೋಗುತ್ತಿತ್ತು. ಹುಡುಕಲು ಹೋದವರು ಬಾಯಾಡಿಸುತ್ತ ಬರುತ್ತಿದ್ದರು. ಎರಡು ಚೆಂಡೂ ಮುಗಿದ ಮೇಲೆ ಊರ ಚಮ್ಮಾರರಿಂದ ಚೆಂಡು ಹೊಲಿಸಿದೆ. ಅದು ಅಂಗಡಿಯ ಚೆಂಡಿಗಿಂತ ತೂಕ ಹೆಚ್ಚು. ಮಲ್ಲಪ್ಪನಿಗೆ ಫರಕು ತಿಳಿಯಲೇ ಇಲ್ಲ.

ಘಟಪ್ರಭಾದಲ್ಲಿ ರೈಲ್ವೆ ಹಳಿಯ ಪಕ್ಕದ ಬಯಲಿನಲ್ಲಿ ನಡೆದ ಪಂದ್ಯವನ್ನು ನೋಡಿದವರು ಇನ್ನೂ ಕೆಲವರು ಇದ್ದಾರೆ. ಅವನು ಹೊಡೆದ ಚೆಂಡು ಮೇಲೆ ಹೋಗಿ, ಹೊರಟಿದ್ದ ಗೂಡ್ಸ್ ಗಾಡಿಯ ತೆರೆದ ಡಬ್ಬಿಯಲ್ಲಿ ಬಿತ್ತು. ಎದುರು ತಂಡದ ಮಾಸ್ತರರು ಓಡಿ ಬಂದರು, "ಚೆಂಡು ಇನ್ನೂ ನಿಂತಿಲ್ಲ, ಹೊಂಟೈತಿ! ಅದು ನಿಲ್ಲೂತನಕ ಅಂಕ ಕೊಡಬ್ಯಾಡ್ರಿ!" ನಿಯಮದ ಪ್ರಕಾರ ಯೋಚಿಸಬೇಕಾದ ಮಾತೇ. ಚೆಂಡು ಮಿರಜ ಮುಟ್ಟಿ ನಿಲ್ಲುವತನಕ ಕಾಯುವುದೇ ಎಂದು ನಾವಿಬ್ಬರೂ ವಾದಿಸುತ್ತಿರುವಾಗ ಮಲ್ಲಪ್ಪ ಬ್ಯಾಟು ಮಲಗಿಸಿ, ನಾಲ್ಕೂ ಬೇಸು ಸುತ್ತಿ, ನೀರು ಕುಡಿದು ಬಂದಿದ್ದ.

ಹೀಗೆ ಅವನ ಹೆಸರು ಹಬ್ಬಿತು. ಬೇರೆ ಜಿಲ್ಲೆಯ ಬಟ್ಟೆ ಗಿರಣಿಯೊಂದು ಆಗ ತನ್ನದೇ ತಂಡ ಕಟ್ಟುತ್ತಿತ್ತು. ಚೆಂಡು ಹೊಡೆಯುವುದಕ್ಕೆ ಪಗಾರ! ನಾಗನೂರಿನಲ್ಲಿ ಇದನ್ನು ಯಾರೂ ನಂಬಲಿಲ್ಲ. ಮುಂಜಾನೆ ಅರ್ಧ ಪಾಳಿ ನೂಲಿನ ಖಾತೆಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಬ್ಯಾಟು. ಸುಮಾರು ಹತ್ತು ವರ್ಷ ಅವನು ಗಿರಣಿಯ ಪರವಾಗಿ ಊರೂರು ತಿರುಗಿ ಹೊಡೆದ. ಅವನ ಪಂದ್ಯ ಹತ್ತಿರದಲ್ಲಿದ್ದಾಗಲೆಲ್ಲ ನಾನು ಬಸ್ಸು ಹಿಡಿದು ಹೋಗಿ ನೋಡುತ್ತಿದ್ದೆ. ಪ್ರತಿ ಸಲವೂ ಅದೇ: ಹೊಡೆತ, ಬಾಗುವುದು, ಮಲಗಿಸುವುದು, ಓಟ. ಪ್ರೇಕ್ಷಕರು ನಗುತ್ತಿದ್ದರು, ಆಮೇಲೆ ಚೆಂಡು ಎಲ್ಲಿಗೆ ಹೋಗಿದೆ ಎಂದು ನೋಡಿ ಸುಮ್ಮನಾಗುತ್ತಿದ್ದರು. ಬ್ಯಾಟು ಮಲಗಿಸಲು ವೇಳೆ ಬೇಕು. ಆ ವೇಳೆ ಸಿಗಬೇಕಾದರೆ ಚೆಂಡು ಬಹಳ ದೂರ ಹೋಗಬೇಕು. ಆದ್ದರಿಂದ ಅವನು ಬಹಳ ದೂರ ಹೊಡೆಯುವುದನ್ನೇ ಕಲಿತ. ವಯಸ್ಸು ಮೂವತ್ತು ದಾಟಿದ ಮೇಲೆ ಹೊಡೆತ ಹತ್ತು ಹೆಜ್ಜೆ ಗಿಡ್ಡವಾಯಿತು. ವಿನಯ ಮಾತ್ರ ಗಿಡ್ಡವಾಗಲಿಲ್ಲ. ಮೊದಲ ಬೇಸಿನಲ್ಲಿ ಔಟಾಗತೊಡಗಿದ. ಗಿರಣಿ ಅವನನ್ನು ಪೂರ್ತಿ ನೂಲಿನ ಖಾತೆಗೆ ಹಾಕಿತು. ಕೆಲವು ವರ್ಷಗಳ ಮೇಲೆ ಅವನು ಘಟಪ್ರಭಾಕ್ಕೆ ಬಂದು ಕಿರಾಣಿ ಅಂಗಡಿ ಇಟ್ಟ. ಈಗ ಸಂಜೆಯಾದರೆ ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ, ಶಾಲೆಯ ಹುಡುಗಿಯರಿಗೆ ಆಟ ಕಲಿಸುತ್ತಾನೆ.

ಈ ಕಥೆಯನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ! ಕ್ರೀಡಾಕೂಟದ ಉದ್ಘಾಟನೆ ಇರಲಿ, ಶಿಕ್ಷಕರ ದಿನಾಚರಣೆ ಇರಲಿ, ನನ್ನ ಭಾಷಣದ ಕೊನೆಗೆ ಮಲ್ಲಪ್ಪ ಬರಲೇಬೇಕು. "ದುಡಿಯುವ ಸಾಧನವೇ ದೇವರು ಎಂದು ಅವನ ಅಜ್ಜಿ ಕಲಿಸಿದ್ದಳು. ಕಾಯಕದ ನಾಡಿನ ಹುಡುಗ, ಔಟಾದರೂ ಚಿಂತೆಯಿಲ್ಲ, ಸಾಧನವನ್ನು ನೆಲಕ್ಕೆ ಒಗೆಯಲಿಲ್ಲ!" ಇಲ್ಲಿಗೆ ಚಪ್ಪಾಳೆ. ಮಲ್ಲಪ್ಪ ಸಭೆಯಲ್ಲಿದ್ದರೆ ತಲೆ ತಗ್ಗಿಸಿ ಕೂರುತ್ತಿದ್ದ. ಅದೂ ವಿನಯವೇ ಎಂದು ನಾನು ತಿಳಿದಿದ್ದೆ.

ಬಸ್ಸು ಏಳೂ ಮೂವತ್ತೈದಕ್ಕೆ ಬಂತು. ಚಾಲಕನಿಗೆ ಕೈಗಡಿಯಾರ ತೋರಿಸಿದೆ. ಅವನು ಗಡಿಯಾರ ಚಂದ ಐತ್ರಿ ಅಜ್ಜಾರ ಎಂದ.

ಹುಕ್ಕೇರಿಯ ಮೈದಾನ ಹಿಂದಿನ ದಿನದ ಮಳೆಗೆ ಮೆತ್ತಗಾಗಿತ್ತು. ಆಯ್ಕೆ ಮಾಡಲು ಬಂದಿದ್ದ ಮೇಡಂ ನನಗೆ ನೋಡಿದೊಡನೆ ಹಿಡಿಸಿದರು: ಕೊರಳಲ್ಲಿ ಸೀಟಿ, ಕೈಯಲ್ಲಿ ಪಟ್ಟಿ, ಮುಖದಲ್ಲಿ ನಗೆಯಿಲ್ಲ. ಪ್ರತಿ ಹುಡುಗಿಗೂ ಮೂರು ಅವಕಾಶ. ಹೊಡೆದು ಮೊದಲ ಬೇಸಿಗೆ ಮುಟ್ಟಬೇಕು. ಎರಡು ಸುತ್ತು ಚಹಾಕ್ಕಿಂತ ಮೊದಲು, ಮೂರನೆಯದು ಆಮೇಲೆ.

ಸುನಂದಾಳ ಮೊದಲ ಹೊಡೆತ ಎಲ್ಲರೂ ತಿರುಗಿ ನೋಡುವಂತಿತ್ತು. ಚೆಂಡು ಎರಡನೆಯ ಬೇಸಿನ ಪಕ್ಕದಲ್ಲಿ ಸರ್ರನೆ ಹೋಯಿತು. ಆಕೆ ಬಾಗಿದಳು, ಮಲಗಿಸಿದಳು, ಓಡಿದಳು. ಒಂದು ಹೆಜ್ಜೆಯಿಂದ ಔಟು. ಎರಡನೆಯದು ಇನ್ನೂ ದೂರ. ಬಾಗಿದಳು, ಮಲಗಿಸಿದಳು, ಓಡಿದಳು. ಅರ್ಧ ಹೆಜ್ಜೆಯಿಂದ ಔಟು.

"ಏನವಾ," ಎಂದರು ಮೇಡಂ, "ಬ್ಯಾಟ್ ಮಲಗಸಾಕತ್ತೀಯೇನು? ಇನ್ನೊಂದು ಜೋಗುಳ ಹಾಡಿಬಿಡು, ಪೂರಾ ನಿದ್ದಿ ಹತ್ತಲಿ."

ಹುಡುಗಿಯರು ನಕ್ಕರು. ಸುನಂದಾ ನಗಲಿಲ್ಲ. ಬೇಸಿನ ಗೋಣಿಚೀಲವನ್ನು ಕಾಲಿನ ಹೆಬ್ಬೆರಳಿನಿಂದ ಒತ್ತುತ್ತ ನಿಂತಿದ್ದಳು. ಉಳಿದದ್ದು ಒಂದೇ ಅವಕಾಶ.

ಚಹಾದ ಹೊತ್ತಿಗೆ ನಾನು ಮೇಡಂ ಹತ್ತಿರ ಹೋದೆ. ನಿಯಮ ತಪ್ಪಿಸಿ ಆರಿಸಿ ಎನ್ನಲಿಕ್ಕಲ್ಲ; ಹಾಗೆ ನಾನು ಜೀವಮಾನದಲ್ಲಿ ಕೇಳಿದವನಲ್ಲ. ಕಾರಣ ತಿಳಿಸಬೇಕು ಅನ್ನಿಸಿತು, ಅಷ್ಟೆ. ಮಲ್ಲಪ್ಪ ಹಿಂದೆಯೇ ಬಂದ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಮೇಡಂ, ಇದು ಆಲಸ್ಯ ಅಲ್ರಿ, ಸಂಸ್ಕಾರ. ಈಕಿಯ ಗುರು ಈ ಮಲ್ಲಪ್ಪ. ದುಡಿಯೋ ಸಾಧನ ದೇವರು ಅಂತ ಇವನ ಅಜ್ಜಿ..."

"ಸರ್," ಎಂದ ಮಲ್ಲಪ್ಪ.

"ತಡಿ ಮಲ್ಲಪ್ಪ. ಇವನ ಅಜ್ಜಿ ಸಣ್ಣಂದಿನಿಂದ..."

"ಸರ್, ಅಜ್ಜಿ ಅಲ್ರಿ." ಅವನು ಕುತ್ತಿಗೆ ಕೆರೆದುಕೊಂಡ. "ನಮ್ಮಜ್ಜಿ ಕಳೆ ತಗಿಯೂ ಕುರಪಿ ಎಲ್ಲಿ ಬೇಕಲ್ಲಿ ಒಗದು ಬರ್ತಿದ್ಲ್ರಿ. ಮರುದಿನ ಮುಂಜಾನಿ ಅರ್ಧ ತಾಸು ಹುಡುಕೂದ ಆಕಿ ಕೆಲಸ. ಬ್ಯಾಟ್ ಮಲಗಸಾಕ ಕಲಿಸಿದವರು ನೀವು ರಿ."

"ನಾನಾ?"

"ನೀವ ರಿ. ಒಂದಿನ ನಾ ಬ್ಯಾಟ್ ಒಗದು ಓಡಿದ್ನಲ್ರಿ, ಹಿಡಿಕಿ ಸೀಳಿತ್ತು. ಇದ್ದದ್ದು ಅದೊಂದ ಬ್ಯಾಟು. ನೀವು ನನ್ನ ಒಂದು ಪೂರಾ ಪಿರೇಡು ಬಿಸಲಾಗ ಬ್ಯಾಟ್ ಎತ್ತಿ ಹಿಡಿಸಿ ನಿಲ್ಲಿಸಿದ್ರಿ. ಮರುದಿನದಿಂದ ವರ್ಗಕ್ಕೆಲ್ಲಾ ಡ್ರಿಲ್. ಒಂದು ಅಂದ್ರ ಬಾಗು, ಎರಡು ಅಂದ್ರ ಇಡು, ಮೂರು ಅಂದ್ರ ಕೈ ಬಿಡು. ಒಂದು ವಾರ ಚೆಂಡ ಮುಟ್ಟಾಕ ಕೊಡಲಿಲ್ಲ್ರಿ ನೀವು, ಬರೇ ಬ್ಯಾಟ್ ಇಡೂದು."

ಮೇಡಂ ಚಹಾದ ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದೇ ನನ್ನನ್ನು ನೋಡಿದರು.

ನನಗೆ ಮೊದಲು ಏನೂ ನೆನಪಾಗಲಿಲ್ಲ. ಆಮೇಲೆ ಹಿಡಿಕೆಗೆ ಸುತ್ತಿದ ಸುತಳಿ ನೆನಪಾಯಿತು. ಸುತಳಿಯ ಹಿಂದೆ ಸೀಳು, ಸೀಳಿನ ಹಿಂದೆ ನನ್ನ ಸಿಟ್ಟು, ಸಿಟ್ಟಿನ ಹಿಂದೆ ಸಾಲಾಗಿ ನಿಂತು ಇಲ್ಲದ ಬ್ಯಾಟುಗಳನ್ನು ನೆಲಕ್ಕೆ ಮಲಗಿಸುತ್ತಿದ್ದ ಒಂಬತ್ತನೆಯ ಇಯತ್ತೆ. ಹೌದು. ಎಣಿಕೆ ಕೂಗಿದ ದನಿ ನನ್ನದೇ.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲೋ ಮಾರಾಯಾ?"

"ನೀವು ಭಾಷಣದಾಗ ಅಷ್ಟು ಚಂದ ಹೇಳ್ತಿದ್ರಿ ಸರ್. ಚಪ್ಪಾಳಿ ಬೀಳ್ತಿದ್ದವು. ನಡುವ ಎದ್ದು ಹೆಂಗ ಹೇಳಲ್ರಿ?"

ಅಂದರೆ ಅವನನ್ನು ದೊಡ್ಡ ಹೊಡೆತಗಾರನನ್ನಾಗಿ ಮಾಡಿದ್ದೂ ನಾನೇ, ಮೊದಲ ಬೇಸಿನಲ್ಲಿ ಔಟು ಮಾಡಿದ್ದೂ ನಾನೇ. ಪುಣ್ಯವನ್ನೆಲ್ಲ ಪಾಪದ ಆ ಮುದುಕಿಗೆ ಹಂಚಿಬಿಟ್ಟಿದ್ದೆ. ಈಗ ನನ್ನ ಆ ಒಂದು-ಎರಡು-ಮೂರು, ಮಲ್ಲಪ್ಪನನ್ನು ದಾಟಿ, ಅಂದು ಹುಟ್ಟಿಯೂ ಇರದ ಹುಡುಗಿಯ ಸೊಂಟಕ್ಕೆ ಬಂದು ಕೂತಿತ್ತು.

"ಹಂಗಾದ್ರ ಆಕಿಗೆ ಹೇಳು, ಒಗಿ ಅಂತ," ಎಂದೆ.

"ನೀವ ಹೇಳ್ರಿ ಸರ್. ನನ್ನ ಬಾಯಿಂದ ಬರೂದಿಲ್ಲ." ಐವತ್ತು ದಾಟಿದ, ಮೀಸೆ ನರೆತ, ಅಂಗಡಿಯ ಯಜಮಾನ. ಇನ್ನೂ ಹೆದರುತ್ತಿದ್ದ!

"ಹದಿನೈದು ನಿಮಿಷ ಐತಿ," ಎಂದರು ಮೇಡಂ, ಬಟ್ಟಲು ಕೆಳಗಿಟ್ಟು. "ಕೆಡಿಸಿದವರೇ ರಿಪೇರಿ ಮಾಡ್ರಿ."

ನೀರಿನ ಟಾಕಿಯ ಹಿಂದೆ ಮೂವರೂ ಹೋದೆವು. ಮೊದಲು ಮಲ್ಲಪ್ಪನ ಕೈಗೆ ಬ್ಯಾಟು ಕೊಟ್ಟೆ. ಗುರು ಒಗೆಯದೆ ಶಿಷ್ಯೆ ಒಗೆಯಳು. "ಒಗಿ," ಎಂದೆ. ಅವನು ಬಾಗಿದ. "ಬಾಗಬ್ಯಾಡ! ಒಗಿ!" ಕಣ್ಣು ಮುಚ್ಚಿ ಕೈ ಬಿಟ್ಟ. ಬ್ಯಾಟು ಕೆಸರಿನಲ್ಲಿ ಬಿತ್ತು. ತಕ್ಷಣ ಎತ್ತಿಕೊಂಡು, ಅಂಗಿಯಿಂದ ಒರೆಸಿ, ಹಿಡಿಕೆ ಸೀಳಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿದ.

"ಸೀಳಿಲ್ಲ. ಮತ್ತೊಮ್ಮೆ!"

ಐದನೆಯ ಸಲಕ್ಕೆ ಅವನ ಮುಖದಲ್ಲಿ ಸಣ್ಣ ನಗೆ ಬಂತು. ಎಂಟನೆಯ ಸಲ ಅವನೇ ಕೇಳಿದ, "ಇನ್ನೊಂದು ಒಗೀಲೇನ್ರಿ ಸರ್?"

"ಸಾಕು. ಹುಡುಗಿಗೆ ಕೊಡು." ನಾನು ಸುನಂದಾಳ ಮುಂದೆ ನಿಂತು, ರೂಢಿಯಂತೆ ಎದೆಯೆತ್ತಿ, ಎಣಿಕೆ ಕೊಟ್ಟೆ. "ಒಂದು ಅಂದ್ರ ಹೊಡಿ. ಎರಡು ಅಂದ್ರ ಒಗಿ. ಮೂರು ಅಂದ್ರ..."

"ಅಜ್ಜಾರ," ಎಂದಳು ಆಕೆ, "ನೀವು ಎರಡು ಅನ್ನೂತನಕ ಕಾಯ್ಕೋತ ನಿಂತ್ರ ಮತ್ತ ಔಟಾಗ್ತೇನ್ರಿ."

ಮಲ್ಲಪ್ಪ ಮುಖ ತಿರುಗಿಸಿ ಕೆಮ್ಮಿದ. ನನ್ನ ಜೀವಮಾನದಲ್ಲಿ ಮೊದಲ ಸಲ ಎಣಿಕೆಯಿಲ್ಲದೆ ಡ್ರಿಲ್ ಮಾಡಿಸಿದೆ. ಒಗಿ ಎಂದರೆ ಮಂದಿಯ ಮೇಲಲ್ಲ, ನೆಲಕ್ಕೆ, ನೋಡಬೇಡ, ಓಡು. ಇಷ್ಟೇ ಪಾಠ. ಅವಳಿಗೆ ನಾಲ್ಕು ಸಲ ಸಾಕಾಯಿತು.

ಮೂರನೆಯ ಸುತ್ತಿನಲ್ಲಿ ಅವಳ ಹೆಸರು ಕೂಗಿದಾಗ ನಾನು ಮಲ್ಲಪ್ಪನ ಮೊಣಕೈ ಹಿಡಿದಿದ್ದೆನೋ, ಅವನು ನನ್ನದನ್ನು ಹಿಡಿದಿದ್ದನೋ ಹೇಳಲಾರೆ. ಚೆಂಡು ಬಂತು. ಅಯ್ಯೋ ಎಂದೆ. ಅಂದಿನ ಅತ್ಯಂತ ಕೆಟ್ಟ ಹೊಡೆತ ಅದು. ಬ್ಯಾಟಿನ ತುದಿಗೆ ತಾಗಿ, ಹದಿನೈದಿಪ್ಪತ್ತು ಹೆಜ್ಜೆ ಉರುಳಿ, ಕೆಸರಿನಲ್ಲಿ ನಿಲ್ಲುವಂತೆ ಹೋಯಿತು. ಅಷ್ಟರಲ್ಲಿ ಠಕ್ ಎಂದು ಶಬ್ದ. ಬ್ಯಾಟು ನೆಲಕ್ಕೆ ಬಿದ್ದು, ಉರುಳಿ, ಕಲ್ಲಿಗೆ ಬಡಿದಿತ್ತು. ಮಲ್ಲಪ್ಪ ಎತ್ತಲು ಮುಂದಕ್ಕೆ ಹೋದ. ಅಂಗಿ ಹಿಡಿದು ಜಗ್ಗಿದೆ. ಚೆಂಡು ಎಸೆದವಳು ತಾನೇ ಓಡಿ ಬಂದು, ಜಾರಿ, ಎತ್ತಿ, ಬೇಸಿನ ಕಡೆ ಎಸೆದಳು. ಸುನಂದಾ ಆಗಲೇ ಬೇಸನ್ನು ದಾಟಿ, ನಿಲ್ಲಲು ಬಾರದೆ, ಇನ್ನೂ ಮುಂದಕ್ಕೆ ಓಡುತ್ತಿದ್ದಳು.

ಮೇಡಂ ಎರಡೂ ಕೈ ಅಗಲಿಸಿದರು. ಔಟಿಲ್ಲ.

ಮೂರು ಗಂಟೆಗೆ ಪಟ್ಟಿ ಓದಿದರು. ಹದಿನಾರು ಹೆಸರು. ಹದಿಮೂರನೆಯದು ಸುನಂದಾ. ಓದುವುದನ್ನು ನಿಲ್ಲಿಸಿ ಮೇಡಂ ಅವಳನ್ನು ನೋಡಿದರು. "ಮೊದಲ ಎರಡು ಹೊಡೆತ ನೋಡಿ ನಿನ್ನ ಬಿಡಾಕ ಮನಸಿರಲಿಲ್ಲ. ಮೂರನೇದರ ಓಟ ನೋಡಿ ತಗೊಂಡೇನಿ. ಪಾಲಕರ ಸಹಿ ನಾಳೆ ಮುಂಜಾನಿ ಒಂಬತ್ತಕ್ಕ ನನ್ನ ಕೈಯಾಗಿರಬೇಕು." ಒಂಬತ್ತು ಎಂದರೆ ಒಂಬತ್ತು ಎಂಬ ದನಿ. ಇಂಥವರು ಇರುವತನಕ ಇಲಾಖೆಗೆ ಚಿಂತೆಯಿಲ್ಲ.

ಘೋಡಗೇರಿ ಮುಟ್ಟಿದಾಗ ಆರು ಗಂಟೆ ದಾಟಿತ್ತು. ಸುನಂದಾಳ ಅಪ್ಪ ಯಶವಂತ ಹೊಲದ ಕೆಲಸದಿಂದ ಬಂದು, ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದ. ಪಡಸಾಲೆಯಲ್ಲಿ ಬುದ್ಧನ ಫೋಟೊ, ಅದರ ಕೆಳಗೆ ಮಗಳ ಶಾಲೆಯ ಚೀಲ. "ಕುಂದರ್ರಿ ಸರ್," ಎಂದು ಒಳಗಿಂದಲೇ ಕೂಗಿದ. "ನಡುವ ಬಿಟ್ಟು ಬಂದ್ರ ಇದು ಒದೀತೈತ್ರಿ. ಏನಾತು ಹೇಳ್ರಿ, ಕೇಳಾಕತ್ತೇನಿ."

"ಹೆಸರು ಬಂತು," ಎಂದ ಮಲ್ಲಪ್ಪ.

ಹಾಲು ಬೀಳುವ ಶಬ್ದ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಎಷ್ಟು ದೂರ ಹೊಡದಳ್ರಿ?"

ಮಲ್ಲಪ್ಪ ನನ್ನನ್ನು ನೋಡಿದ. ಸುಳ್ಳು ಹೇಳುವುದು ನನಗೆ ಬಾರದು. "ಇಲ್ಲಿಂದ ನಿಮ್ಮ ಬಣವಿತನಕ," ಎಂದೆ.

ಯಶವಂತ ಹಾಲಿನ ಚರಿಗೆ ಹಿಡಿದುಕೊಂಡು ಹೊರಗೆ ಬಂದ. ಬಣವೆಯನ್ನು ನೋಡಿದ. ಮಗಳನ್ನು ನೋಡಿದ. "ಇಷ್ಟಕ್ಕ ಜಿಲ್ಲಾಕ್ಕ ತಗೊಂಡ್ರಾ? ಇಷ್ಟು ನಾನೂ ಹೊಡೀತೇನಲ್ರಿ."

"ಹೊಡೀತಿ ಅಪ್ಪಾ," ಎಂದಳು ಸುನಂದಾ. "ಓಡ್ತೀಯೇನು?"

ಒಳಗಿನಿಂದ ಅವಳ ತಾಯಿ ನಕ್ಕದ್ದು ಕೇಳಿಸಿತು. ಯಶವಂತ ಚರಿಗೆಯನ್ನು ಹೆಂಡತಿಗೆ ಕೊಟ್ಟು, ಕೈ ತೊಳೆದು, ಒರೆಸಿಕೊಂಡು, ಮೇಡಂ ಕೊಟ್ಟ ಫಾರಂ ತೆಗೆದುಕೊಂಡು ಮೊದಲಿನಿಂದ ಕೊನೆಯತನಕ ಓದಿದ. ಓದಿ ಸಹಿ ಮಾಡುವವರನ್ನು ಕಂಡರೆ ನನಗೆ ಗೌರವ. ಸಹಿ ಹಾಕಿ, ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟ. "ಇದೇನ್ರಿ ಸರ್? ಪಂದ್ಯಕ್ಕೆ ಪಾಲಕರು ಜೊತೆಗೆ ಬರುವರೇ?"

"ಬರೂದಾದ್ರ ಹೌದು, ಇಲ್ಲಾಂದ್ರ ಇಲ್ಲ. ಕಡ್ಡಾಯ ಅಲ್ಲ."

ಅವನು ಕೊಟ್ಟಿಗೆಯ ಕಡೆ ತಿರುಗಿದ. "ಹೋದ್ರ ಎರಡು ದಿನ. ಎಮ್ಮಿ ಯಾರ ಹಿಂಡಬೇಕು?"

"ನಿಮ್ಮನ್ನ ಕಟಗೊಳ್ಳೂಕಿಂತ ಮೊದಲಿಂದ ಹಿಂಡಾಕತ್ತೇನಿ," ಎಂದಿತು ಒಳಗಿನ ದನಿ. "ಹೋಗ್ರಿ ಸುಮ್ಮ."

ಯಶವಂತ ಪೆನ್ನನ್ನು ನನ್ನ ಕಡೆ ಚಾಚಿದ. "ನಿಮ್ಮ ಅಕ್ಷರ ದುಂಡಗ ಇರ್ತಾವ. ನೀವ ಬರೀರಿ."

ನಾನು ಕನ್ನಡಕ ಏರಿಸಿ, ಫಾರಮ್ಮನ್ನು ಮೊಣಕಾಲಿನ ಮೇಲೆ ನೇರ ಇಟ್ಟುಕೊಂಡು, ಆ ಸಾಲಿನಲ್ಲಿ ದೊಡ್ಡದಾಗಿ 'ಹೌದು' ಎಂದು ಬರೆದೆ. ಸಂಜೆ ಆರು ಗಂಟೆ ಐವತ್ತೈದು ನಿಮಿಷ. ಅಂದಿನ ಕೆಲಸ ಮುಗಿಯಿತು.